ಐದು ಡಾಲರಿಗೆ ಐದು ಹೆಸರು

1964ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ನಡೆದ ವಿಶ್ವ ಮೇಳದಲ್ಲಿ ಪಾರ್ಕರ್ ಪೆನ್ ಕಂಪನಿಯದೊಂದು ಮಂಟಪವಿತ್ತು. ಮೇಳಕ್ಕೆ ಬಂದವರು ಅಲ್ಲಿ ಒಂದು ಫಾರಂ ತುಂಬಿ ಕೊಟ್ಟರೆ ದೊಡ್ಡ ಕಂಪ್ಯೂಟರೊಂದು ಕಟಕಟ ಸದ್ದು ಮಾಡಿ ಒಂದು ಚೀಟಿ ಕೊಡುತ್ತಿತ್ತು. ಅದರಲ್ಲಿ ದೂರದ ಯಾವುದೋ ದೇಶದಲ್ಲಿರುವ, ಅವರಂಥದೇ ಅಭಿರುಚಿಯ ಒಬ್ಬರ ಹೆಸರು ಮತ್ತು ವಿಳಾಸ ಇರುತ್ತಿತ್ತು. ಪತ್ರಮಿತ್ರರನ್ನು ಹುಡುಕಿಕೊಡುವ ಯಂತ್ರ ಅದು. ಪತ್ರ ಬರೆಯಲು ಪೆನ್ನು ಬೇಕಲ್ಲ, ಕಂಪನಿಯ ಲೆಕ್ಕ ಅಷ್ಟು ಸರಳ. ಮೇಳ ನೋಡಲು ಬಂದಿದ್ದ ಇಪ್ಪತ್ತೈದರ ಹರೆಯದ ಅಕೌಂಟೆಂಟ್ ಲೂಯಿಸ್ ಆಲ್ಟ್‌ಫೆಸ್ಟ್‌ಗೆ ಬೇರೊಂದು ಲೆಕ್ಕ ಹೊಳೆಯಿತು. ದೂರ ದೇಶದ ಪತ್ರಮಿತ್ರನನ್ನು ಹುಡುಕಿಕೊಡುವ ಯಂತ್ರ ನಾಲ್ಕು ಬೀದಿಯಾಚೆಯ ಗೆಳತಿಯನ್ನು ಯಾಕೆ ಹುಡುಕಿಕೊಡಬಾರದು? ಐಬಿಎಂನಲ್ಲಿ ಪ್ರೋಗ್ರಾಮರ್ ಆಗಿದ್ದ ಗೆಳೆಯ ರಾಬರ್ಟ್ ರಾಸ್‌ಗೆ ಆತ ಫೋನು ಮಾಡಿದ.

ಒಂದು ವರ್ಷದ ಬಳಿಕ ಇಬ್ಬರೂ ಸೇರಿ ‘ಟ್ಯಾಕ್ಟ್’ ಎಂಬ ಸೇವೆ ಶುರು ಮಾಡಿದರು. ನ್ಯೂಯಾರ್ಕ್ ನಗರದ ಮೊದಲ ಕಂಪ್ಯೂಟರ್ ಡೇಟಿಂಗ್ ಸೇವೆ ಅದು. ಶುಲ್ಕ ಐದು ಡಾಲರ್. ನೂರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಗುರುತು ಮಾಡಬೇಕು. ನಿಮಗೆ ಆಗದವು ಯಾವುವು ಎಂಬ ಪಟ್ಟಿಯಲ್ಲಿ ಜಂಭದವರು, ಗರ್ಭನಿರೋಧ, ವಿದೇಶಿಯರು, ಸ್ವಚ್ಛಂದ ಪ್ರೇಮ ಎಲ್ಲವೂ ಒಂದೇ ಸಾಲಿನಲ್ಲಿದ್ದವು. ಗಂಡಸರಿಗೆ ಹೆಂಗಸರ ಕೇಶವಿನ್ಯಾಸದ ಚಿತ್ರಗಳನ್ನು ಕೊಟ್ಟು, ಇಷ್ಟದ ಕ್ರಮದಲ್ಲಿ ಜೋಡಿಸಿ ಎನ್ನುತ್ತಿದ್ದರು. ಹೆಂಗಸರಿಗೆ ಮೂರು ಚಿತ್ರ. ಒಂದರಲ್ಲಿ ಸೌದೆ ಸೀಳುವ ಗಂಡಸು, ಇನ್ನೊಂದರಲ್ಲಿ ಚಿತ್ರ ಬರೆಯುವವನು, ಮತ್ತೊಂದರಲ್ಲಿ ಗ್ಯಾರೇಜಿನಲ್ಲಿ ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಂತವನು. ನಿಮ್ಮ ಕನಸಿನ ಗಂಡು ಇವರಲ್ಲಿ ಯಾರು? ಉತ್ತರಗಳೆಲ್ಲ ತೂತು ಹೊಡೆದ ಕಾರ್ಡುಗಳಾಗಿ ಐಬಿಎಂ ಯಂತ್ರದೊಳಗೆ ಹೋಗುತ್ತಿದ್ದವು. ಹೊರಗೆ ಬರುತ್ತಿದ್ದದ್ದು ಐದು ಹೆಸರು. ಹೆಂಗಸರಿಗೆ ನೀಲಿ ಕಾರ್ಡು, ಗಂಡಸರಿಗೆ ಗುಲಾಬಿ ಕಾರ್ಡು. ಮೊದಮೊದಲು ನಗರದ ಅಪ್ಪರ್ ಈಸ್ಟ್ ಸೈಡ್ ಬಡಾವಣೆಗಷ್ಟೇ ಸೀಮಿತವಾಗಿದ್ದ ಈ ಸೇವೆಗೆ ವರ್ಷದೊಳಗೆ ಐದು ಸಾವಿರಕ್ಕೂ ಹೆಚ್ಚು ಮಂದಿ ದುಡ್ಡು ಕಟ್ಟಿದರು.

ತನಗೂ ಒಬ್ಬಳು ಸಿಗಬಹುದೆಂಬ ಆಸೆ ರಾಸ್‌ಗೂ ಇತ್ತು. ಸಿಕ್ಕಳು ಕೂಡ. ಆದರೆ ಗುಲಾಬಿ ಕಾರ್ಡಿನಿಂದಲ್ಲ. ನ್ಯೂಯಾರ್ಕಿನಲ್ಲಿ ಜೋಡಿಗಳು ಹೇಗೆ ಭೇಟಿಯಾಗುತ್ತವೆ ಎಂದು ಕಾರ್ಯಕ್ರಮ ಮಾಡುತ್ತಿದ್ದ ರೇಡಿಯೋ ವರದಿಗಾರ್ತಿಯೊಬ್ಬರು ಆಲ್ಟ್‌ಫೆಸ್ಟ್‌ನ ಸಂದರ್ಶನಕ್ಕೆಂದು ಕಚೇರಿಗೆ ಬಂದರು. ಆತ ಇರಲಿಲ್ಲ, ರಾಸ್ ಇದ್ದ. ಮಾತಿನ ನಡುವೆ ಟೇಪ್ ರೆಕಾರ್ಡರಿನ ಬ್ಯಾಟರಿ ಮುಗಿಯಿತು. ಉಳಿದದ್ದನ್ನು ಇನ್ನೊಂದು ದಿನ ಮುಗಿಸೋಣ ಎಂದುಕೊಂಡರು. ಆ ಇನ್ನೊಂದು ದಿನ ಇಬ್ಬರೂ ಕೂಡಿ ಊಟಕ್ಕೆ ಹೋದರು, ಎರಡು ವರ್ಷದ ಮೇಲೆ ಮದುವೆಯಾದರು.

ಕಂಪ್ಯೂಟರ್ ಡೇಟಿಂಗಿನ ಅರುವತ್ತು ವರ್ಷದ ಚರಿತ್ರೆಯಲ್ಲಿ ಇಂಥ ಪ್ರಸಂಗಗಳು ಮತ್ತೆ ಮತ್ತೆ ಎದುರಾಗುತ್ತವೆ. ಈ ವ್ಯಾಪಾರದ ಬೋರ್ಡಿನ ಮೇಲೆ ಬರೆದಿದ್ದದ್ದು ಹೊಂದಾಣಿಕೆ. ಅಂಗಡಿಯೊಳಗೆ ನಿಜಕ್ಕೂ ಮಾರಾಟವಾಗುತ್ತಿದ್ದದ್ದು ಪರಿಚಯ, ಅಂದರೆ ಒಬ್ಬರಿಗೊಬ್ಬರು ಎದುರುಬದುರು ಕೂರಲು ಒಂದು ನೆಪ. ಗಿರಾಕಿಗಳ ನಿರಾಸೆ ಹುಟ್ಟಿದ್ದೂ ಬೆಳೆದದ್ದೂ ಈ ಎರಡರ ನಡುವಿನ ಸಂದಿಯಲ್ಲೇ.

ಅಪರಿಚಿತರನ್ನು ಕಾಗದದ ಮೂಲಕ ಜೋಡಿಸುವ ಕೆಲಸ ಕಂಪ್ಯೂಟರಿಗಿಂತ ಬಹಳ ಹಳೆಯದು. 1695ರಲ್ಲಿ ಜಾನ್ ಹೌಟನ್ ಎಂಬಾತ ಲಂಡನ್ನಿನಲ್ಲಿ ಹೊರಡಿಸುತ್ತಿದ್ದ, ಕೃಷಿ ಮತ್ತು ವಾಣಿಜ್ಯ ಕುರಿತ ಪತ್ರಿಕೆಯಲ್ಲಿ ಸುಮಾರು ಮೂವತ್ತರ ವಯಸ್ಸಿನ ಆಸ್ತಿವಂತನೊಬ್ಬನ ಜಾಹೀರಾತು ಬಂತು. 3,000 ಪೌಂಡಿನಷ್ಟು ಸ್ವಂತ ಸಂಪತ್ತಿರುವ ಕುಲೀನ ತರುಣಿಯನ್ನು ವರಿಸಲು ತಾನು ಸಿದ್ಧ ಎಂದು ಅದರಲ್ಲಿತ್ತು. ಇಂಗ್ಲೆಂಡಿನಲ್ಲಿ ಅಚ್ಚಾದ ಅತಿ ಹಳೆಯ ವಿವಾಹ ಜಾಹೀರಾತುಗಳಲ್ಲಿ ಇದೂ ಒಂದು. ಇಲ್ಲಿ ಮನೋಧರ್ಮದ ಮಾತಿಲ್ಲ, ಅಭಿರುಚಿಯ ಮಾತಿಲ್ಲ. ಬೇಕಾದ ಮೊತ್ತವನ್ನು ಬಾಯಿಬಿಟ್ಟು ಹೇಳಿದ್ದಾನೆ. ಇದನ್ನು ಓದಿ ಬಂದವಳಿಗೆ ಪ್ರೀತಿಯ ವಿಷಯದಲ್ಲಿ ಮೋಸವಾಯಿತೆಂದು ದೂರಲು ಅವಕಾಶವೇ ಇರಲಿಲ್ಲ.

ಲೆಕ್ಕದಿಂದ ಪ್ರೀತಿ ಹುಡುಕುವ ಮೊದಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ತರಗತಿಯಲ್ಲಿ. 1959ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಿಮ್ ಹಾರ್ವಿ ಮತ್ತು ಫಿಲ್ ಫಿಯಾಲರ್ ಎಂಬ ವಿದ್ಯಾರ್ಥಿಗಳು ಗಣಿತದ ಕೋರ್ಸಿಗೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಅದಕ್ಕೆ ಅವರು ‘ಹ್ಯಾಪಿ ಫ್ಯಾಮಿಲೀಸ್ ಪ್ಲಾನಿಂಗ್ ಸರ್ವಿಸ್’ ಎಂದು ಹೆಸರಿಟ್ಟು, 49 ಗಂಡಸರು ಮತ್ತು 49 ಹೆಂಗಸರಿಂದ ಪ್ರಶ್ನಾವಳಿ ತುಂಬಿಸಿಕೊಂಡರು. ಉತ್ತರಗಳ ನಡುವಿನ ಅಂತರವನ್ನು ವಿಶ್ವವಿದ್ಯಾಲಯದ ಐಬಿಎಂ 650 ಯಂತ್ರ ಲೆಕ್ಕ ಹಾಕಿತು. 49 ಗಂಡು, 49 ಹೆಣ್ಣು ಎಂದರೆ 2,401 ಸಾಧ್ಯ ಜೋಡಿಗಳು. ಕೈಯಲ್ಲಿ ಮಾಡಲು ಹೊರಟರೆ ವಾರಗಟ್ಟಲೆ ಹಿಡಿಯುವ ಕೆಲಸ. ಯಂತ್ರಕ್ಕೆ ಹೇಳಿ ಮಾಡಿಸಿದ ಲೆಕ್ಕವೇನೋ ಹೌದು. ಆದರೆ ಎಲ್ಲರಿಗೂ ಒಬ್ಬೊಬ್ಬರನ್ನು ಕೊಡಲೇಬೇಕಾದಾಗ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಒಳ್ಳೆಯ ಜೋಡಿಗಳನ್ನು ಮೊದಲೇ ಆರಿಸಿ ತೆಗೆದರೆ ಕೊನೆಯ ಸಾಲಿನವರ ಪಾಲಿಗೆ ಉಳಿದವರೇ ಗತಿ.

ಈ ವಿದ್ಯಾರ್ಥಿ ವಿನೋದವನ್ನು ದಂಧೆಯಾಗಿ ನಿಲ್ಲಿಸಿದವರಲ್ಲಿ ಮೊದಲಿಗಳು ಲಂಡನ್ನಿನ ಜೋನ್ ಬಾಲ್. ಚರಿತ್ರೆಯ ಪುಸ್ತಕಗಳು ಆಕೆಯನ್ನು ಬಹುಕಾಲ ಮರೆತಿದ್ದವು. ಮದುವೆ ಬ್ಯೂರೋ ನಡೆಸಿ ಪಳಗಿದ್ದ ಆಕೆ 1964ರಲ್ಲಿ ಸೇಂಟ್ ಜೇಮ್ಸ್ ಕಂಪ್ಯೂಟರ್ ಡೇಟಿಂಗ್ ಸರ್ವಿಸ್ ಆರಂಭಿಸಿದಳು. ಮರುವರ್ಷ ಅದು ‘ಕಾಮ್‌ಪ್ಯಾಟ್’ ಆಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹುಡುಗರು ಇದೇ ವ್ಯಾಪಾರದಿಂದ ಸುದ್ದಿಯಾಗುವ ಮೊದಲೇ ಆಕೆಯ ಯಂತ್ರ ಹೆಸರುಗಳನ್ನು ಜೋಡಿಸುತ್ತಿತ್ತು. ಬ್ಯೂರೋದ ಅನುಭವ ಆಕೆಗೆ ಒಂದು ಸೂಕ್ಷ್ಮವನ್ನು ಕಲಿಸಿತ್ತು. ಬೇಕಾದದ್ದು ಏನೆಂದು ಕೇಳಿದರೆ ಜನ ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಬೇಡವಾದದ್ದು ಏನೆಂದು ಕೇಳಿದರೆ ಖಚಿತವಾಗಿ ಹೇಳುತ್ತಾರೆ. ಹಾಗಾಗಿ ಆಕೆಯ ಫಾರಂ ಬೇಡದ್ದರ ಸುತ್ತ ಹೆಣೆದದ್ದು. ಗಿರಾಕಿಗಳು ಕಾಲೇಜು ಹುಡುಗ ಹುಡುಗಿಯರಲ್ಲ. ಹೆಚ್ಚಿನವರು ನಡುವಯಸ್ಸಿನವರು, ವಿಚ್ಛೇದಿತರು, ಸಂಗಾತಿ ತೀರಿಕೊಂಡವರು. ಯಾರೊಡನೆ ಬಾಳಲಾಗದು ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಬ್ರಿಟನ್ನಿನ ಎಷ್ಟೋ ಪತ್ರಿಕೆಗಳು ಆಕೆಯ ಜಾಹೀರಾತನ್ನು ಮುಟ್ಟಲಿಲ್ಲ. ಇದೆಲ್ಲ ಮರ್ಯಾದಸ್ಥರ ವ್ಯವಹಾರವಲ್ಲ ಎಂಬ ಭಾವನೆ. ಆಕೆ ಕಡಲಲ್ಲಿ ನಿಂತ ಹಡಗುಗಳಿಂದ ಪರವಾನಗಿಯಿಲ್ಲದೆ ಪ್ರಸಾರ ಮಾಡುತ್ತಿದ್ದ ರೇಡಿಯೋ ಕೇಂದ್ರಗಳಿಗೆ ಹೋದಳು. ಕೊನೆಗೂ ವ್ಯವಹಾರ ಕೈಹಿಡಿಯಲಿಲ್ಲ. 1974ರಲ್ಲಿ ತನ್ನ ಕಂಪನಿಯನ್ನು ಸಾಲದ ಸಮೇತ ಪ್ರತಿಸ್ಪರ್ಧಿ ‘ಡೇಟ್‌ಲೈನ್’ಗೆ ಒಪ್ಪಿಸಿದಳು. 1966ರಲ್ಲಿ ಜಾನ್ ಪ್ಯಾಟರ್ಸನ್ ಕಟ್ಟಿದ ಡೇಟ್‌ಲೈನ್ ಮುಂದೆ ಬ್ರಿಟನ್ನಿನ ಮನೆಮಾತಾಯಿತು. ಬೇಡದ್ದನ್ನು ಮೊದಲು ಕೇಳುವ ಬಾಲ್‌ಳ ಪದ್ಧತಿ ಮಾತ್ರ ದಂಧೆಯ ಮುಖ್ಯದಾರಿಯಾಗಲೇ ಇಲ್ಲ. ಬೇಡದವರನ್ನು ದೂರವಿಡುತ್ತೇವೆ ಎಂಬ ಜಾಹೀರಾತಿಗಿಂತ ನಿಮಗೆಂದೇ ಹುಟ್ಟಿದವರನ್ನು ಹುಡುಕಿಕೊಡುತ್ತೇವೆ ಎಂಬ ಜಾಹೀರಾತು ಹೆಚ್ಚು ಓಡುತ್ತದೆ.

ಅಂಥ ಓಟದ ಕುದುರೆ ಅಮೆರಿಕದಲ್ಲಿ ಸಿದ್ಧವಾಗಿತ್ತು. 1965ರಲ್ಲಿ ಹಾರ್ವರ್ಡಿನ ಜೆಫ್ ಟಾರ್ ಮತ್ತು ವಾನ್ ಮಾರಿಲ್ ‘ಆಪರೇಷನ್ ಮ್ಯಾಚ್’ ಆರಂಭಿಸಿದರು. ಶುಲ್ಕ ಮೂರು ಡಾಲರ್. ಪ್ರಶ್ನೆಗಳು ಎರಡು ಸುತ್ತು: ಮೊದಲು ನೀವು ಎಂಥವರು, ಆಮೇಲೆ ನಿಮಗೆ ಎಂಥವರು ಬೇಕು. ಕಂಪ್ಯೂಟರು ಬಾಡಿಗೆಯದು, ಅದೂ ಬಾಡಿಗೆ ಕಡಿಮೆಯಿರುವ ಹೊತ್ತಿನಲ್ಲಿ.  

1966ರ ಆರಂಭದಲ್ಲಿ ‘ಲುಕ್’ ಪತ್ರಿಕೆ ಈ ಗೀಳಿನ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿತು. ಒಂಬತ್ತೇ ತಿಂಗಳಲ್ಲಿ ಆಪರೇಷನ್ ಮ್ಯಾಚ್‌ಗೆ ಸುಮಾರು 90,000 ಅರ್ಜಿ, 2,70,000 ಡಾಲರ್ ವಹಿವಾಟು ಎಂದು ಅದು ವರದಿ ಮಾಡಿತು. ಇಷ್ಟು ಮಂದಿ ಮೂರು ಡಾಲರ್ ಕೊಟ್ಟದ್ದರ ಗುಟ್ಟು ಆಗಿನ ಕಾಲೇಜುಗಳಲ್ಲೇ ಇದೆ. ಹಾರ್ವರ್ಡಿನಲ್ಲಿ ಆಗ ಹುಡುಗರ ಕಾಲೇಜು ಬೇರೆ, ಹುಡುಗಿಯರ ಕಾಲೇಜು ಬೇರೆ. ಅಮೆರಿಕದ ಪೂರ್ವ ತೀರದ ಹಳೆಯ ಹೆಸರಾಂತ ಕಾಲೇಜುಗಳಲ್ಲಿ ಇದೇ ರೂಢಿ. ವಾರಾಂತ್ಯದ ನೃತ್ಯಕೂಟಕ್ಕೆ ಬಸ್ಸು ಹತ್ತಿ ಬರುವ ಅಪರಿಚಿತರ ನಡುವೆ ಅದೃಷ್ಟ ಪರೀಕ್ಷೆ ಮಾಡುವುದರ ಬದಲು ಐದಾರು ಹೆಸರು, ಫೋನ್ ನಂಬರ್ ಕೈಗೆ ಬಂದರೆ ಬೇಡವೆನ್ನುವವರು ಯಾರು? ಯಂತ್ರ ಆರಿಸಿದೆ ಎಂಬ ಕಾರಣ ಒಂದಿದ್ದರೆ ಕರೆ ಮಾಡಲು ನಾಚಿಕೆಯೂ ಇಲ್ಲ.

ಯಂತ್ರ ನಿಜಕ್ಕೂ ಆರಿಸುತ್ತಿತ್ತೆ? ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದ ಮೊದಲ ಹೆಸರಾಂತ ಪ್ರಯೋಗ ಅದೇ ದಿನಗಳದ್ದು. ಮಿನ್ನೆಸೋಟ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಎಲೇನ್ ವಾಲ್‌ಸ್ಟರ್ ಮತ್ತು ಸಂಗಡಿಗರು ಹೊಸ ವಿದ್ಯಾರ್ಥಿಗಳಿಗೆ ಒಂದು ‘ಕಂಪ್ಯೂಟರ್ ನೃತ್ಯಕೂಟ’ ಏರ್ಪಡಿಸಿದರು. ಟಿಕೆಟ್ ಒಂದು ಡಾಲರ್. 376 ಹುಡುಗರು, 376 ಹುಡುಗಿಯರು ಟಿಕೆಟ್ ಕೊಂಡು ಫಾರಂ ತುಂಬಿದರು. ನಿಮಗೆ ಹೊಂದುವ ಜೋಡಿಯನ್ನು ಕಂಪ್ಯೂಟರು ಹುಡುಕುತ್ತದೆ ಎಂದು ಅವರಿಗೆ ಹೇಳಲಾಗಿತ್ತು. ಕಂಪ್ಯೂಟರು ಹುಡುಕಲಿಲ್ಲ. ಚೀಟಿ ಎತ್ತಿದ ಹಾಗೆ ಜೋಡಿ ಮಾಡಿದ್ದರು. ನೋಡಿಕೊಂಡದ್ದು ಒಂದೇ: ಹುಡುಗಿ ಹುಡುಗನಿಗಿಂತ ಎತ್ತರ ಇರಬಾರದು. ಟಿಕೆಟ್ ಕೊಡುವ ಹೊತ್ತಿನಲ್ಲಿ ನಾಲ್ವರು ಸಹಾಯಕರು ಪ್ರತಿಯೊಬ್ಬರ ರೂಪಕ್ಕೂ ಗುಟ್ಟಾಗಿ ಅಂಕ ಬರೆದುಕೊಂಡಿದ್ದರು.

ಕುಣಿತದ ನಡುವಿನ ವಿರಾಮದಲ್ಲಿ ಹುಡುಗ ಹುಡುಗಿಯರನ್ನು ಬೇರೆ ಬೇರೆ ಕೂರಿಸಿ ಜೋಡಿ ಹೇಗನಿಸಿತು ಎಂದು ಕೇಳಲಾಯಿತು. ಯಾರು ಯಾರನ್ನು ಮೆಚ್ಚಿದರು ಎಂಬುದಕ್ಕೆ ಬುದ್ಧಿಮತ್ತೆಯ ಅಂಕಕ್ಕೂ ಸಂಬಂಧವಿರಲಿಲ್ಲ, ವ್ಯಕ್ತಿತ್ವ ಪರೀಕ್ಷೆಯ ಅಂಕಕ್ಕೂ ಸಂಬಂಧವಿರಲಿಲ್ಲ. ಎದುರಿಗಿರುವವರು ಚೆಂದವಿದ್ದರೆ ಮೆಚ್ಚಿಗೆ. ಹುಡುಗರಷ್ಟೇ ಅಲ್ಲ, ಹುಡುಗಿಯರದೂ ಅದೇ ಕಥೆ. 1966ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಡೇಟಿಂಗ್ ಕಂಪನಿಗಳು ಓದಿದ್ದರೆ ಫಾರಂಗಳನ್ನು ಅಂದೇ ಮಡಿಸಿಡಬೇಕಿತ್ತು.

ಫಾರಂ ಹೋಗಲಿಲ್ಲ, ಬಟ್ಟೆ ಬದಲಿಸಿತು. 1976ರಲ್ಲಿ ಲಾಸ್ ಏಂಜಲೀಸ್‌ನ ಜೆಫ್ರಿ ಉಲ್‌ಮನ್ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಎಂಬ ಸಂಸ್ಥೆ ಕಟ್ಟಿ, ಗಿರಾಕಿಗಳ ಸಂದರ್ಶನವನ್ನು ವಿಡಿಯೋ ಟೇಪಿನಲ್ಲಿ ಹಿಡಿದ. ಫಾರಂನಲ್ಲಿ ಮುಖವಿಲ್ಲ, ದನಿಯಿಲ್ಲ ಎಂಬ ದೂರಿಗೆ ಅದು ಉತ್ತರ. ಆಮೇಲೆ ಇಂಟರ್ನೆಟ್ ಬಂತು. 1995ರಲ್ಲಿ ಗ್ಯಾರಿ ಕ್ರೆಮೆನ್‌ನ ‘ಮ್ಯಾಚ್ ಡಾಟ್ ಕಾಮ್’ ಬಾಗಿಲು ತೆರೆಯಿತು. ಕ್ರೆಮೆನ್ ತನ್ನ ಗೆಳತಿಯನ್ನೂ ಅದರಲ್ಲಿ ಹೆಸರು ನೋಂದಾಯಿಸುವಂತೆ ಮಾಡಿದ್ದ. ಆಕೆ ಅದೇ ತಾಣದಲ್ಲಿ ಸಿಕ್ಕಿದ ಇನ್ನೊಬ್ಬನ ಜೊತೆ ಹೊರಟುಹೋದಳು. ಆತನ ಮಟ್ಟಿಗೆ ಅದು ನಷ್ಟ, ತಾಣದ ಮಟ್ಟಿಗೆ ಯಶಸ್ಸು.

ವಿಜ್ಞಾನದ ಹೆಸರನ್ನು ಅತಿ ಜೋರಾಗಿ ಕೂಗಿದ್ದು 2000ದಲ್ಲಿ ಬಂದ ‘ಇಹಾರ್ಮನಿ’. ಅದರ ಸ್ಥಾಪಕ ನೀಲ್ ಕ್ಲಾರ್ಕ್ ವಾರೆನ್ ದಶಕಗಳ ಕಾಲ ದಂಪತಿಗಳಿಗೆ ಸಲಹೆ ಕೊಟ್ಟ ಮನಶ್ಶಾಸ್ತ್ರಜ್ಞ. ಮುರಿದ ಮದುವೆಗಳ ಕಥೆ ಕೇಳಿ ಕೇಳಿ, ಅವು ಕೂಡಿದ್ದೇ ತಪ್ಪಾಗಿತ್ತು ಎಂಬ ತೀರ್ಮಾನಕ್ಕೆ ಬಂದಿದ್ದವನು. ಆತನ ತಾಣದಲ್ಲಿ ಮೊದಮೊದಲು 436 ಪ್ರಶ್ನೆಗಳು, ಹೊಂದಾಣಿಕೆಯ 29 ಆಯಾಮಗಳು. ಪ್ರಶ್ನೆಗಳಿಗೆ ಉತ್ತರಿಸಿ ಮುಗಿಸಿದವರಲ್ಲಿ ಎಷ್ಟೋ ಮಂದಿಗೆ ನಿಮಗೆ ನಾವು ಜೋಡಿ ಹುಡುಕಲಾರೆವು ಎಂಬ ಉತ್ತರ ಬರುತ್ತಿತ್ತು. ಗಂಡಿಗೆ ಗಂಡನ್ನು, ಹೆಣ್ಣಿಗೆ ಹೆಣ್ಣನ್ನು ಹುಡುಕಿಕೊಡಲು ಅದು ಒಪ್ಪಿರಲಿಲ್ಲ. ನ್ಯೂಜೆರ್ಸಿಯಲ್ಲಿ ಈ ಬಗ್ಗೆ ದೂರು ದಾಖಲಾಗಿ, ಕೊನೆಗೆ ರಾಜಿಯಾಗಿ, 2009ರಲ್ಲಿ ಅವರಿಗಾಗಿ ಬೇರೊಂದು ತಾಣ ತೆರೆಯಿತು.

ಇಷ್ಟುದ್ದದ ಪ್ರಶ್ನಾವಳಿಯ ಹಿಂದೊಂದು ವ್ಯಾಪಾರದ ಜಾಣತನವೂ ಇತ್ತು. ಗಂಟೆಗಟ್ಟಲೆ ಕೂತು ತನ್ನ ಸ್ವಭಾವವನ್ನು ತಾನೇ ತೂಗಿ ನೋಡಿದವರು ಅದರ ಫಲವನ್ನು ಲಘುವಾಗಿ ನೋಡುವುದಿಲ್ಲ. ಬೆವರು ಸುರಿಸಿದ್ದಕ್ಕೆ ಬೆಲೆ ಇರಲೇಬೇಕೆಂಬ ನಂಬಿಕೆ ತಾನಾಗಿ ಹುಟ್ಟುತ್ತದೆ. ಲಂಡನ್ನಿನ ಸುರಂಗ ರೈಲಿನಲ್ಲಿ ಕಂಪನಿ ಹಾಕಿದ್ದ ಜಾಹೀರಾತಿನಲ್ಲಿ ತನ್ನದು ವೈಜ್ಞಾನಿಕವಾಗಿ ಸಾಬೀತಾದ ಪದ್ಧತಿ ಎಂದಿತ್ತು. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರು ಹೋಯಿತು. ಇತರ ತಾಣಗಳಿಗಿಂತ ಇಲ್ಲಿ ಬಾಳುವ ಪ್ರೀತಿ ಸಿಗುವ ಸಾಧ್ಯತೆ ಹೆಚ್ಚು ಎನ್ನಲು ಕಂಪನಿ ಕೊಟ್ಟ ಸಾಕ್ಷ್ಯ ಸಾಲದು ಎಂದು 2018ರ ಜನವರಿಯಲ್ಲಿ ಸಂಸ್ಥೆ ತೀರ್ಪಿತ್ತು ಜಾಹೀರಾತನ್ನು ನಿಷೇಧಿಸಿತು.

ಇಷ್ಟರಲ್ಲಿ ದಂಧೆಯ ಒಳಗಿನವರೇ ಒಬ್ಬರು ಗುಟ್ಟು ಬಿಚ್ಚಿದ್ದರು. ‘ಓಕೆ ಕ್ಯುಪಿಡ್’ ತಾಣವನ್ನು 2004ರಲ್ಲಿ ಕಟ್ಟಿದವರು ಹಾರ್ವರ್ಡಿನಲ್ಲಿ ಓದಿದ ಗೆಳೆಯರು. ಪ್ರಶ್ನೆಗಳಿಗೆ ಇಬ್ಬರೂ ಕೊಟ್ಟ ಉತ್ತರಗಳನ್ನು ತಾಳೆ ನೋಡಿ ಶೇಕಡ ಇಷ್ಟು ಹೊಂದಾಣಿಕೆ ಎಂದು ಅಂಕಿ ತೋರಿಸುವುದು ಅವರ ಹೆಗ್ಗಳಿಕೆ. ಅವರಲ್ಲಿ ಒಬ್ಬನಾದ ಕ್ರಿಶ್ಚಿಯನ್ ರಡರ್ 2014ರಲ್ಲಿ, ತಾವು ಬಳಕೆದಾರರ ಮೇಲೆ ಪ್ರಯೋಗ ಮಾಡಿದ್ದಾಗಿ ಸಂಕೋಚವಿಲ್ಲದೆ ಬರೆದ. ತಮ್ಮ ಲೆಕ್ಕದಲ್ಲಿ ಶೇ. 30 ಮಾತ್ರ ಹೊಂದುವ ಜೋಡಿಗಳಿಗೆ ಶೇ. 90 ಎಂದು ತೋರಿಸಿದ್ದರು. ಮೊದಲ ಸಂದೇಶವೊಂದು ನಾಲ್ಕು ಸಂದೇಶಗಳ ಮಾತುಕತೆಯಾಗಿ ಬೆಳೆಯುವ ಸಾಧ್ಯತೆ, ಕಡಿಮೆ ಹೊಂದಾಣಿಕೆಯನ್ನು ಇದ್ದಂತೆಯೇ ತೋರಿಸಿದಾಗ ಶೇ. 10. ಅದೇ ಜೋಡಿಗಳಿಗೆ 90 ಎಂದು ಸುಳ್ಳು ಹೇಳಿದಾಗ ಶೇ. 17. ನಿಜವಾಗಿಯೂ 90 ಇದ್ದು 90 ಎಂದೇ ಹೇಳಿದಾಗ ಶೇ. 20. ಲೆಕ್ಕದಲ್ಲಿ ಸತ್ಯದ ಅಂಶ ಇಲ್ಲವೆಂದಲ್ಲ. ಆದರೆ ಹೊಂದುತ್ತೀರಿ ಎಂದು ಹೇಳಿದ ಮಾತೊಂದೇ ಫಲವನ್ನು ಗಣನೀಯವಾಗಿ ಹೆಚ್ಚಿಸಿತು.

ಅದಕ್ಕೂ ಮೊದಲು, 2013ರ ಜನವರಿಯಲ್ಲಿ ಒಂದು ದಿನ ಅವರು ಏಳು ಗಂಟೆ ಕಾಲ ತಾಣದ ಎಲ್ಲ ಫೋಟೋಗಳನ್ನೂ ಮರೆಮಾಡಿದ್ದರು. ಬಂದವರ ಸಂಖ್ಯೆ ಕುಸಿಯಿತು. ಉಳಿದವರು ಮಾತ್ರ ಮೊದಲ ಸಂದೇಶಗಳಿಗೆ ಶೇ. 44ರಷ್ಟು ಹೆಚ್ಚು ಉತ್ತರಿಸಿದರು, ಮಾತು ಆಳಕ್ಕೂ ಇಳಿಯಿತು. ಫೋಟೋಗಳು ಮರಳಿ ಬಂದ ಗಳಿಗೆಯಲ್ಲಿ 2,200 ಜನ ಮಾತಿನ ನಡುವಿದ್ದರು. ಆ ಮಾತುಗಳಲ್ಲಿ ಬಹಳಷ್ಟು ಅಲ್ಲಿಗೇ ಕರಗಿದವು. ಮಿನ್ನೆಸೋಟದ ನೃತ್ಯಕೂಟದ ಫಲಿತಾಂಶ ಅರ್ಧ ಶತಮಾನದ ಮೇಲೂ ಹಾಗೇ ಇತ್ತು.

ಸಂಶೋಧಕರು ಇದನ್ನು ಬೇರೆ ದಾರಿಯಿಂದ ತಲುಪಿದರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪಾಲ್ ಈಸ್ಟ್‌ವಿಕ್ ಮತ್ತು ಎಲಿ ಫಿಂಕೆಲ್ 163 ವಿದ್ಯಾರ್ಥಿಗಳನ್ನು ಮೊದಲು ಕೇಳಿದರು: ನಿಮಗೆ ಎಂಥವರು ಬೇಕು? ಆಮೇಲೆ ಒಬ್ಬೊಬ್ಬರೊಡನೆ ನಾಲ್ಕು ನಾಲ್ಕು ನಿಮಿಷ ಮಾತಾಡುವ ಕೂಟದಲ್ಲಿ ಕೂರಿಸಿದರು. ಬೇಕು ಎಂದು ಬರೆದುಕೊಟ್ಟ ಗುಣಕ್ಕೂ ನಿಜಕ್ಕೂ ಮೆಚ್ಚಿಕೊಂಡವರಿಗೂ ತಾಳೆಯೇ ಆಗಲಿಲ್ಲ. 2008ರಲ್ಲಿ ಪ್ರಕಟವಾದ ಈ ಅಧ್ಯಯನ ಆಪರೇಷನ್ ಮ್ಯಾಚ್‌ನ ಎರಡನೇ ಸುತ್ತಿನ ಪ್ರಶ್ನೆಗಳ ಬುಡಕ್ಕೇ ಕೈ ಹಾಕಿತು. 2012ರಲ್ಲಿ ಫಿಂಕೆಲ್ ಮತ್ತು ಇತರ ನಾಲ್ವರು ಇಡೀ ಉದ್ಯಮದ ವಾದಗಳನ್ನು ಪರಿಶೀಲಿಸಿ ದೀರ್ಘ ವಿಮರ್ಶೆ ಬರೆದರು. ಜನರ ಸಂಪರ್ಕವನ್ನು ಈ ತಾಣಗಳು ಹಿಂದೆಂದೂ ಇಲ್ಲದಷ್ಟು ವಿಸ್ತರಿಸಿವೆ ಎಂದು ಅವರು ಒಪ್ಪಿದರು. ಗಣಿತ ಸೂತ್ರದಿಂದ ಬಾಳುವ ಜೋಡಿ ಹುಡುಕುತ್ತೇವೆ ಎಂಬುದಕ್ಕೆ ಮಾತ್ರ ಪುರಾವೆ ಕಾಣಲಿಲ್ಲ ಎಂದರು.

2017ರಲ್ಲಿ ಸಮಾಂತಾ ಜೋಯೆಲ್ ಜೊತೆಗೂಡಿ ಈಸ್ಟ್‌ವಿಕ್ ಮತ್ತು ಫಿಂಕೆಲ್ ಯಂತ್ರಕ್ಕೆ ಇನ್ನೊಂದು ಅವಕಾಶ ಕೊಟ್ಟರು. ನೂರಕ್ಕೂ ಹೆಚ್ಚು ಗುಣ, ಆಸೆ, ಅಭಿರುಚಿಗಳ ವಿವರವನ್ನು ಮೆಷಿನ್ ಲರ್ನಿಂಗ್ ಪ್ರೋಗ್ರಾಮಿಗೆ ಕೊಟ್ಟು, ನಾಲ್ಕು ನಿಮಿಷದ ಭೇಟಿಯಲ್ಲಿ ಯಾರು ಯಾರನ್ನು ಮೆಚ್ಚುತ್ತಾರೆ ಹೇಳು ಎಂದರು. ಎಲ್ಲರನ್ನೂ ಸುಲಭವಾಗಿ ಮೆಚ್ಚುವವರು ಯಾರು ಎಂಬುದನ್ನು ಅದು ಸ್ವಲ್ಪಮಟ್ಟಿಗೆ ಹೇಳಿತು. ಎಲ್ಲರಿಂದಲೂ ಮೆಚ್ಚಿಗೆ ಪಡೆಯುವವರು ಯಾರು ಎಂಬುದನ್ನೂ ಹೇಳಿತು. ಈ ಹುಡುಗನಿಗೆ ಈ ಹುಡುಗಿಯೇ ವಿಶೇಷವಾಗಿ ಯಾಕೆ ಇಷ್ಟವಾದಳು ಎಂಬಲ್ಲಿ ಸೋತಿತು. ಹೊಂದಾಣಿಕೆ ಎಂದು ಮಾರುವವರು ಮಾರುವುದು ಈ ಮೂರನೆಯದನ್ನೇ. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಜೋಯೆಲ್ ಮತ್ತು ಹತ್ತಾರು ಸಂಶೋಧಕರು 43 ಅಧ್ಯಯನಗಳ 11,196 ಜೋಡಿಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಇಬ್ಬರ ನಡುವೆ ಬೆಳೆದ ಮೆಚ್ಚಿಗೆ, ತನ್ನ ಸಂಗಾತಿ ಕೈಬಿಡುವವರಲ್ಲ ಎಂಬ ನಂಬಿಕೆ ಇಂಥವು ಸಂಬಂಧದ ಸಮಾಧಾನವನ್ನು ಚೆನ್ನಾಗಿ ಸೂಚಿಸಿದವು. ಸಂಗಾತಿಯ ಸ್ವಭಾವದ ಬಗ್ಗೆ ಫಾರಂನಲ್ಲಿ ಬರೆಯಬಹುದಾದ ಸಂಗತಿಗಳನ್ನು ಅದರ ಮೇಲೆ ಸೇರಿಸಿದರೆ ಹೆಚ್ಚೇನೂ ಸಿಗಲಿಲ್ಲ. ಅಂದರೆ ಮುಖ್ಯವಾದದ್ದು ಹುಟ್ಟುವುದು ಭೇಟಿಯ ನಂತರ. ಫಾರಂ ತುಂಬುವ ದಿನ ಅದು ಇನ್ನೂ ಇರುವುದೇ ಇಲ್ಲ.

ಇಷ್ಟಾದರೂ ಅಂಗಡಿ ಮುಚ್ಚಲಿಲ್ಲ, ಮುಚ್ಚಬೇಕಾದ ಕಾರಣವೂ ಇರಲಿಲ್ಲ. ಸ್ಟ್ಯಾನ್‌ಫರ್ಡಿನ ಸಮಾಜಶಾಸ್ತ್ರಜ್ಞ ಮೈಕೆಲ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರ ಲೆಕ್ಕದಲ್ಲಿ 2017ರಲ್ಲಿ ಕೂಡಿದ ಅಮೆರಿಕದ ಹೆಣ್ಣು ಗಂಡು ಜೋಡಿಗಳಲ್ಲಿ ಶೇ. 39 ಮಂದಿ ಮೊದಲು ಭೇಟಿಯಾದದ್ದು ಇಂಟರ್ನೆಟ್ಟಿನಲ್ಲಿ. ಗೆಳೆಯರ ಮೂಲಕ ಪರಿಚಯವಾದವರ ಪಾಲು 1995ರಲ್ಲಿ ಶೇ. 33 ಇದ್ದದ್ದು ಶೇ. 20ಕ್ಕೆ ಇಳಿದಿತ್ತು. ನಡುವಿನ ಗೆಳೆಯ, ನೆರೆಯ, ಬಂಧು ಎಲ್ಲರ ಕೆಲಸವನ್ನೂ ಪರದೆ ವಹಿಸಿಕೊಂಡಿತ್ತು. 2012ರಲ್ಲಿ ಬಂದ ‘ಟಿಂಡರ್’ ಪ್ರಶ್ನಾವಳಿಯನ್ನೇ ಕೈಬಿಟ್ಟಿತು. ಫೋಟೋ, ಹೆಸರು, ವಯಸ್ಸು, ಎಷ್ಟು ದೂರದಲ್ಲಿದ್ದಾರೆ ಎಂಬ ಅಂಕಿ. ಬೇಡವಾದರೆ ಬೆರಳನ್ನು ಎಡಕ್ಕೆ ಸರಿಸು, ಬೇಕಾದರೆ ಬಲಕ್ಕೆ. ವಾಲ್‌ಸ್ಟರ್‌ಳ ನಾಲ್ವರು ಸಹಾಯಕರು ಗುಟ್ಟಾಗಿ ಮಾಡಿದ್ದನ್ನು ಈಗ ಎಲ್ಲರೂ ಬಹಿರಂಗವಾಗಿ ಮಾಡತೊಡಗಿದರು. ಪರಿಚಯ ರಾಶಿ ರಾಶಿಯಾಗಿ ಸಿಕ್ಕಿತು, ಬೇಸರವೂ ರಾಶಿ ರಾಶಿ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇಂಥ ತಾಣ, ಆ್ಯಪ್‌ಗಳನ್ನು ಬಳಸಿದ ಅಮೆರಿಕನ್ನರಲ್ಲಿ ಶೇ. 53 ಮಂದಿ ತಮ್ಮ ಅನುಭವ ಒಳ್ಳೆಯದೆಂದರು, ಶೇ. 46 ಮಂದಿ ಕೆಟ್ಟದೆಂದರು. ಬಳಸಿದವರು ಹೆಚ್ಚುಕಡಿಮೆ ಎರಡು ಪಾಲಾಗಿದ್ದರು.

ಕನ್ನಡಿಗರಿಗೆ ಹೊಂದಾಣಿಕೆಯ ಅಂಕಿ ಹೊಸದಲ್ಲ. ಪಂಚಾಂಗದ ಪುಟಗಳಲ್ಲಿ ವಧೂವರರ ಸಾಲಾವಳಿಯ ಕೋಷ್ಟಕ ಅಚ್ಚಾಗುತ್ತಾ ಬಂದಿದೆ. ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಗೆ 7, ನಾಡಿಗೆ 8, ಒಟ್ಟು 36. ಹದಿನೆಂಟು ದಾಟಿದರೆ ಮುಂದಿನ ಮಾತು. ಈ ಎಂಟು ಕೂಟಗಳೂ ಹೊರಡುವುದು ಹುಟ್ಟಿದ ಹೊತ್ತಿನಲ್ಲಿ ಚಂದ್ರ ಯಾವ ನಕ್ಷತ್ರ, ಯಾವ ರಾಶಿಯಲ್ಲಿದ್ದ ಎಂಬುದರಿಂದ. ಚಂದ್ರ ಒಂದು ನಕ್ಷತ್ರದಲ್ಲಿ ಸುಮಾರು ಒಂದು ದಿನ ಇರುತ್ತಾನೆ. ಆ ದಿನ ಹುಟ್ಟಿದ ಎಲ್ಲ ಹುಡುಗರಿಗೂ ಒಬ್ಬ ಹುಡುಗಿಯ ಜೊತೆ ಹೆಚ್ಚುಕಡಿಮೆ ಒಂದೇ ಅಂಕ ಬರಬೇಕು. ಇಹಾರ್ಮನಿಯ 436 ಪ್ರಶ್ನೆಗಳ ಜಾಗದಲ್ಲಿ ಇಲ್ಲಿರುವುದು ಒಂದೇ ಪ್ರಶ್ನೆ, ಅದಕ್ಕೂ ಉತ್ತರ ಹೇಳುವವರು ಅಪ್ಪ ಅಮ್ಮ.

ಅಮೆರಿಕದಲ್ಲಿದ್ದ ಮುರುಗವೇಲ್ ಜಾನಕಿರಾಮನ್ 1997ರಲ್ಲಿ ತಮಿಳರಿಗಾಗಿ ಕಟ್ಟಿದ ತಾಣದ ವಿವಾಹ ವಿಭಾಗ ಮುಂದೆ ಭಾರತ್ ಮ್ಯಾಟ್ರಿಮೊನಿಯಾಗಿ ಬೆಳೆದು, ಕನ್ನಡ ಮ್ಯಾಟ್ರಿಮೊನಿ ಸೇರಿದಂತೆ ಭಾಷೆಗೊಂದು ಕವಲಾಯಿತು. ಆತನಿಗೆ ಹೆಂಡತಿ ಸಿಕ್ಕಿದ್ದೂ ತನ್ನದೇ ತಾಣದ ಮೂಲಕ. ಕ್ರೆಮೆನ್‌ಗೆ ಇಲ್ಲದ ಅದೃಷ್ಟ. ಈ ತಾಣಗಳಲ್ಲಿ ಫಾರಂನ ಮುಖ್ಯ ಕೆಲಸ ಜೋನ್ ಬಾಲ್ ಕಂಡುಕೊಂಡದ್ದೇ: ಬೇಡದವರನ್ನು ಕಳೆಯುವುದು. ಜಾತಿ, ಉಪಜಾತಿ, ಗೋತ್ರ, ಸಂಬಳ, ಎತ್ತರ. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇನ್ನಿಬ್ಬರ ಜೊತೆ ಸೇರಿ ಬಂಗಾಳಿ ದಿನಪತ್ರಿಕೆಯ ವಿವಾಹ ಜಾಹೀರಾತುಗಳನ್ನು ಅಧ್ಯಯನ ಮಾಡಿದರು. ಸ್ವಂತ ಜಾತಿಯ ವರನಿಗಾಗಿ ಹೆಣ್ಣಿನ ಕಡೆಯವರು ಎಷ್ಟು ಬಿಟ್ಟುಕೊಡಲು ತಯಾರು ಎಂದು ಅಳೆದಾಗ, ಓದೇ ಇಲ್ಲದವನಿಗೂ ಸ್ನಾತಕೋತ್ತರ ಪದವೀಧರನಿಗೂ ಇರುವಷ್ಟು ಅಂತರವನ್ನು ಬಿಟ್ಟುಕೊಡಬಲ್ಲರು ಎಂದು ಕಂಡುಬಂತು.

ಅಂಕಿಗೆ ಇಲ್ಲಿ ಇನ್ನೊಂದು ಉಪಯೋಗವಿದೆ. ಹುಡುಗಿ ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು ಹೋದವರಿಗೆ ಸಂಬಂಧ ಇಷ್ಟವಾಗದಿದ್ದರೆ ಮೂರು ದಿನ ಬಿಟ್ಟು ಫೋನು ಬರುತ್ತದೆ: ಸಾಲಾವಳಿ ಕೂಡಿಬರಲಿಲ್ಲವಂತೆ. ಬಣ್ಣ, ಕೆಲಸ, ಒಡವೆ, ಮನೆಯವರ ಮಾತಿನ ಧಾಟಿ ಯಾವುದು ಹಿಡಿಸಲಿಲ್ಲವೋ, ಆ ಮಾತು ಎತ್ತಬೇಕಾಗಿಲ್ಲ. ಕೇಳಿಸಿಕೊಂಡವರಿಗೂ ಒಳಗಿನದು ಗೊತ್ತು, ಆದರೂ ಯಾರ ಮರ್ಯಾದೆಯೂ ಹೋಗದೆ ಬಾಗಿಲು ಮುಚ್ಚುತ್ತದೆ. ಡೇಟಿಂಗ್ ಆ್ಯಪಿನಲ್ಲಿ ಇಂಥ ಸೌಜನ್ಯದ ಸುಳ್ಳಿಗೆ ಜಾಗವಿಲ್ಲ. ಅಲ್ಲಿ ಉತ್ತರ ಬರುವುದು ನಿಂತುಬಿಡುತ್ತದೆ, ಅಷ್ಟೆ. ಆ್ಯಪ್ ಬಳಸುವವರ ದೂರುಗಳಲ್ಲಿ ಈ ಮೌನದ್ದು ದೊಡ್ಡ ಪಾಲು.

ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿಬಿಟ್ಟು ಅಂಕ ಹದಿನಾಲ್ಕಕ್ಕೇ ನಿಂತರೆ ಮಾತೇ ಬೇರೆ. ಆಗ ಜಾತಕ ಬದಿಗಿಟ್ಟು ಹೆಸರುಬಲ ನೋಡಿ ಎನ್ನುತ್ತಾರೆ. ಅದೂ ಕೂಡದಿದ್ದರೆ ಇನ್ನೊಬ್ಬ ಜೋಯಿಸರು, ಒಂದು ಪರಿಹಾರ ಶಾಂತಿ, ಕೊನೆಗೆ ಮನೆದೇವರ ಮುಂದೆ ಹೂ ಪ್ರಸಾದ ಕೇಳುವುದು. ಭೇಟಿಯಲ್ಲಿ ಮೂಡಿದ ಒಪ್ಪಿಗೆಗೆ ತಕ್ಕಂತೆ ಅಂಕಿಯನ್ನು ಬಗ್ಗಿಸಿಕೊಳ್ಳುವ ದಾರಿಗಳು ಇವೆಲ್ಲ, ಮನೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿರುವವು. ಡೇಟಿಂಗ್ ತಾಣದಲ್ಲಿ ಲೆಕ್ಕ ಮೊದಲು, ಭೇಟಿ ಆಮೇಲೆ. ಅಂಕ ಕಡಿಮೆ ಬಂದವರು ಪಟ್ಟಿಯ ತಳಕ್ಕೆ ಇಳಿಯುತ್ತಾರೆ. ಅಷ್ಟು ಕೆಳಗಿನವರೆಗೆ ಯಾರೂ ನೋಡುವುದಿಲ್ಲ, ಹಾಗಾಗಿ ಅವರ ಪರವಾಗಿ ಹೂ ಕೇಳುವವರೂ ಇರುವುದಿಲ್ಲ.